ದಾನಕ್ಕೊಬ್ಬ ದಲ್ಲಾಳಿಯೆ?

ಅಮೆರಿಕದಲ್ಲಿ ಒಂದು ವೃತ್ತಿ ಬಹುಕಾಲದಿಂದ ನಡೆದುಬಂದಿದೆ. ವಸ್ತುಸಂಗ್ರಹಾಲಯವನ್ನೋ ಇನ್ನಾವುದಾದರೂ ಸೇವಾಸಂಸ್ಥೆಯನ್ನೋ ಇಪ್ಪತ್ತು ಮೂವತ್ತು ವರ್ಷ ನಡೆಸಿ ಪಳಗಿದವರು, ಹುದ್ದೆ ಬಿಟ್ಟ ಮೇಲೆ ಬೇರೆ ಸಂಸ್ಥೆಗಳಿಗೆ ನಿಧಿಸಂಗ್ರಹದ ಸಲಹೆಗಾರರಾಗುತ್ತಾರೆ. ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು, ಯಾವಾಗ ಕೇಳಬೇಕು ಎಂಬುದನ್ನು ಹೇಳಿಕೊಟ್ಟು ಶುಲ್ಕ ಪಡೆಯುತ್ತಾರೆ. ಇದನ್ನು ಕೇಳಿದೊಡನೆ ನಮ್ಮ ವಿದ್ಯಾವಂತರಲ್ಲಿ ಅನೇಕರು ಮೂಗು ಮುರಿಯುತ್ತಾರೆ. “ಧರ್ಮಕ್ಕೆ ಕೊಟ್ಟ ಹಣದಲ್ಲಿ ದಲ್ಲಾಳಿಗೂ ಪಾಲೆ?” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸರಿಯಾದದ್ದೇ, ಕೇಳುತ್ತಿರುವುದು ಮಾತ್ರ ತಪ್ಪು ಮನುಷ್ಯನನ್ನು. ಆ ದೇಶದ ನಿಧಿಸಂಗ್ರಾಹಕರು 1960ರಲ್ಲಿ ಕಟ್ಟಿಕೊಂಡ ಸಂಘದ ನೀತಿಸಂಹಿತೆಯು, ಬಂದ ದೇಣಿಗೆಯಲ್ಲಿ ನೂರಕ್ಕೆ ಇಷ್ಟೆಂದು ಪ್ರತಿಫಲ ಪಡೆಯುವುದನ್ನು ನಿಷೇಧಿಸುತ್ತದೆ. ಸಲಹೆಗೆ ಮೊದಲೇ ಗೊತ್ತುಮಾಡಿದ ಶುಲ್ಕ. ಹಣ ಬರಲಿ, ಬಾರದಿರಲಿ, ಅಷ್ಟೇ. ವೈದ್ಯನಿಗೂ ವಕೀಲನಿಗೂ ಕೊಡುವಂತೆ ಇವನಿಗೂ ಕೊಟ್ಟರೆ ಅಧರ್ಮವೇನು? ನಮ್ಮಲ್ಲಾದರೋ ಸಲಹೆಗೆ ನೂರು ರೂಪಾಯಿ ಕೊಡಲು ಸಂಕೋಚಪಟ್ಟು, “ತಂದುಕೊಟ್ಟದ್ದರಲ್ಲಿ ನೂರಕ್ಕೆ ಹತ್ತು ನಿಮಗೆ” ಎಂದು ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳುವ ಸಂಸ್ಥೆಗಳನ್ನು ನಾನು ಬಲ್ಲೆ. ದಲ್ಲಾಳಿಯನ್ನು ಹುಟ್ಟಿಸಿದವರು ನಾವೇ!

ನೂರಕ್ಕೆ ಹತ್ತು ಪಡೆಯುವವನು “ಈ ಹಣ ಬೇಡ” ಎಂದಾನೆಯೆ? ಪಳಗಿದವನ ಬೆಲೆ ತಿಳಿಯುವುದು ಆ ಒಂದು ಮಾತಿನಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸ್ಯಾಕ್ಲರ್ ಸಹೋದರರ ಹೆಸರಿನ ಭವನ ತೆರೆದದ್ದು 1978ರಲ್ಲಿ. ಮುಂದಾಗುವುದನ್ನು ಆಗ ಯಾರೂ ಊಹಿಸಲಾರರು. ಆದರೆ ಆ ಮನೆತನಕ್ಕೆ ಸೇರಿದ ಪರ್ಡ್ಯೂ ಕಂಪನಿಯ ಕಡೆಯವರು, ನೋವಿನ ಮಾತ್ರೆಯೊಂದರಿಂದ ಚಟ ಹತ್ತುವ ಅಪಾಯವನ್ನು ಕಡಿಮೆಯೆಂದು ತೋರಿಸಿ ಮಾರಿದ ತಪ್ಪನ್ನು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆ ಮನೆತನದ ದೇಣಿಗೆ ಇನ್ನು ಬೇಡವೆಂದು ಸಂಗ್ರಹಾಲಯ ಸಾರಿದ್ದು 2019ರಲ್ಲಿ. ಗೋಡೆಯಿಂದ ಹೆಸರು ತೆಗೆಯುತ್ತೇವೆಂದದ್ದು 2021ರ ಡಿಸೆಂಬರಿನಲ್ಲಿ. ನಡುವೆ ಹನ್ನೆರಡು ವರ್ಷಗಳ ಮೌನ! ಅಷ್ಟು ದೊಡ್ಡ ಸಂಸ್ಥೆಗೇ ಆ ಮಾತು ಇಷ್ಟು ಕಷ್ಟವಾದರೆ, ಪಾಲುಗಾರನ ಬಾಯಿಂದ ಅದು ಹೊರಟೀತೆ?

ಕನ್ನಡ ಕಲಿಸುವ ನನಗೆ ನಮ್ಮ ದಾನಶಾಸನಗಳು ನೆನಪಾಗುತ್ತವೆ. ಕೊಟ್ಟವರಾರು, ಕೊಟ್ಟದ್ದೇನು, ನೆಲದ ಎಲ್ಲೆ ಯಾವುದು, ನಂದಾದೀವಿಗೆಗೋ ವಿದ್ಯಾರ್ಥಿಗಳ ಊಟಕ್ಕೋ ಎಂಬುದನ್ನೆಲ್ಲ ಊರೇ ನೋಡುವಂತೆ ಕಲ್ಲಿನಲ್ಲಿ ಕಡೆಯಿಸುತ್ತಿದ್ದರು. ಕೊನೆಗೆ, ದಾನವನ್ನು ಅಳಿದವರಿಗೆ ಶಾಪ. ಬರೆದವನ ಹೆಸರೂ ಕಡೆದ ರೂವಾರಿಯ ಹೆಸರೂ ಎಷ್ಟೋ ಶಾಸನಗಳಲ್ಲಿ ಉಂಟು. ದಾನದ ಕೆಲಸ ಮಾಡಿದವನು ತಲೆಮರೆಸಿಕೊಳ್ಳಬೇಕಾಗಿರಲಿಲ್ಲ.

ಇಂದು ಈ ಮಾತಿಗೆ ಅವಸರವಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಕಲೆ, ಸಂಸ್ಕೃತಿ, ಪರಂಪರೆಯ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಹಣವಿರುವಲ್ಲಿ ಮಧ್ಯವರ್ತಿಗಳು ಮುತ್ತುವುದು ಲೋಕರೂಢಿ. ನಮ್ಮ ಸಾಹಿತ್ಯಸಂಘಗಳೂ ಸಣ್ಣಪುಟ್ಟ ವಸ್ತುಸಂಗ್ರಹಾಲಯಗಳೂ ಅನುಭವಿಗಳ ಸಲಹೆಯನ್ನು ಧಾರಾಳವಾಗಿ ಪಡೆಯಲಿ. ಅವರ ಶುಲ್ಕವನ್ನು ಮೊದಲೇ ಗೊತ್ತುಮಾಡಿ ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಲಿ. ಯಾರ ಹಣ ಬೇಡ ಎಂಬುದನ್ನೂ ಅವರನ್ನೇ ಕೇಳಲಿ. ಪಾಲು ಬೇಕೆಂದವನನ್ನು ಬಾಗಿಲಿಂದಲೇ ಕಳುಹಿಸಲಿ.