ಸಾಕ್ಷಿ ಸಹಿ ಹಾಕುವ ಮುಂಚೆ



ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ನಮ್ಮಲ್ಲಿ ಎಷ್ಟೋ ಮಂದಿ ಶಿಫ್ಟ್ ಕೆಲಸಕ್ಕೆ ಹೋಗುತ್ತೇವೆ, ಹಲವರು ಕಂಟ್ರಾಕ್ಟರ್ ಕೈಕೆಳಗೆ. ಯಂತ್ರಕ್ಕೆ ಒಬ್ಬರ ಬೆರಳು ಸಿಕ್ಕಾಗ ಕೆಲವು ಕಡೆ ಒಂದು ಕಾಗದ ತಯಾರಾಗುತ್ತದೆ: ‘ಭಾನುವಾರ ಬೈಕಿನಿಂದ ಬಿದ್ದು ಪೆಟ್ಟಾಯಿತು.’ ಅದರ ಕೆಳಗೆ ಪಕ್ಕದಲ್ಲಿ ನಿಂತಿದ್ದವರ ಸಾಕ್ಷಿ ಸಹಿ ಬೇಕು. ಕೇಳುವುದು ನಮ್ಮಂಥ ಹುಡುಗ ಹುಡುಗಿಯರನ್ನೇ. ಆ ಸಹಿ ಹಾಕಬಾರದು. ಹಾಕದೆ ನಿಂತವರನ್ನು ಒಂಟಿಯಾಗಿ ಬಿಡಲೂಬಾರದು. ಇದು ನಮ್ಮ ಮಾತು.

ಆ ಒಂದು ಸಾಲಿನಿಂದ ಏನೇನು ಹೋಗುತ್ತದೆ ನೋಡಿ. ಇಎಸ್‌ಐಗೆ ನಮ್ಮ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ಟಬೇಕು. ಸಂಬಳ 12,000 ರೂಪಾಯಿ ಇದ್ದರೆ ನಮ್ಮದು 90, ಅವರದು 390. ಕೆಲಸದಲ್ಲಿ ಗಾಯವಾದರೆ ಗುಣವಾಗುವವರೆಗೆ ಕೂಲಿಯ ಸುಮಾರು ಶೇ. 90 ಸಿಗುತ್ತದೆ. ಸೇರಿದ ಮೊದಲ ದಿನವೇ ಗಾಯವಾದರೂ ಈ ಹಕ್ಕು ಇದೆ. ಭಾನುವಾರದ ಬೈಕಿನ ಕಥೆಗೆ ಸಹಿ ಬಿದ್ದ ಮೇಲೆ ಇದನ್ನು ಪಡೆಯುವುದು ಬಹಳ ಕಷ್ಟ. ಇಎಸ್‌ಐ ಇಲ್ಲದವರಿಗೂ ಪರಿಹಾರ ಉಂಟು. ಸ್ವಲ್ಪ ಹಣ ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡರೆ ಆ ಒಪ್ಪಂದ ನಿಲ್ಲದು ಎಂದು 1923ರ ಪರಿಹಾರ ಕಾಯ್ದೆಯೇ ಹೇಳಿತ್ತು.

ಮೋಸ ಮಾಲೀಕರ ಕಡೆಯಿಂದ ಮಾತ್ರ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಆದ ಪೆಟ್ಟನ್ನು ಕಾರ್ಖಾನೆಯ ಪೆಟ್ಟು ಎಂದು ತೋರಿಸುವುದೂ ಮೋಸವೇ, ಅದಕ್ಕೂ ಶಿಕ್ಷೆ ಇದೆ. ಸುಳ್ಳು ಸಾಕ್ಷಿ ಬೇಡವೆಂಬ ಕಟ್ಟಳೆ ಇಬ್ಬರಿಗೂ ಒಂದೇ.

ಹಾಗಾದರೆ ನಿಜ ಹೇಳಿದವರಿಗೆ ಕಾನೂನಿನ ಆಸರೆ ಇದೆಯೇ? ಅರ್ಧ ಇದೆ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ 118-ಎ ಕಲಂ ಸೇರಿತು. ಅದರ ಪ್ರಕಾರ ದೂರು ಕೊಟ್ಟವರು ಯಾರೆಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕಿತ್ತು. ದೂರು ಬಂದದ್ದರಿಂದಲೇ ತಪಾಸಣೆಗೆ ಬಂದೆ ಎಂದೂ ಮಾಲೀಕರಿಗೆ ಹೇಳುವಂತಿರಲಿಲ್ಲ. ಗಾಯಾಳು ಇಎಸ್‌ಐಯ ತಾತ್ಕಾಲಿಕ ಪರಿಹಾರ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯಬಾರದು ಎಂಬ ನಿಯಮವೂ ಉಂಟು. ಆದರೆ ಅದು ಗಾಯಾಳುವಿಗೆ, ಸಾಕ್ಷಿಗಲ್ಲ. ಮಾಹಿತಿದಾರರ ರಕ್ಷಣೆಗೆಂದು 2014ರಲ್ಲಿ ಬಂದ ಕಾಯ್ದೆ ಸರ್ಕಾರಿ ನೌಕರರ ಭ್ರಷ್ಟಾಚಾರದ ಬಗ್ಗೆ. ಖಾಸಗಿ ಕಾರ್ಖಾನೆಯವರಿಗೆ ಅದರಿಂದ ನೆರವಿಲ್ಲ.

ಹತ್ತು ಜನ ಕೆಲಸ ಮಾಡುವ ಕಡೆ ಹೆಸರು ಗುಟ್ಟಾಗಿಟ್ಟರೂ ಯಾರು ಹೇಳಿದ್ದೆಂದು ಊಹಿಸಲು ಎಷ್ಟು ಹೊತ್ತು ಬೇಕು? ‘ನಾಳೆಯಿಂದ ಬರಬೇಡ’ ಎನ್ನಲು ಕಂಟ್ರಾಕ್ಟರ್‌ಗೆ ಕಾಗದವೂ ಬೇಡ. ‘ಸುಮ್ಮನಿರಪ್ಪಾ, ಮನೆ ನಡೀಬೇಕಲ್ಲ’ ಎನ್ನುವ ಅಮ್ಮಂದಿರ ಭಯ ಸುಳ್ಳಲ್ಲ. ಆದ್ದರಿಂದ ‘ಧೈರ್ಯವಾಗಿ ಹೇಳು’ ಎಂದು ಉಪದೇಶ ಮಾಡಿ ಮನೆಗೆ ಹೋಗುವ ಹಕ್ಕು ನಮಗಿಲ್ಲ. ಕಾನೂನು ಬಿಟ್ಟ ಅರ್ಧವನ್ನು ನಾವು ತುಂಬಬೇಕು.

ಹೇಗೆ? ದೂರಿಗೆ ಒಬ್ಬರಲ್ಲ, ಐದಾರು ಜನ ಒಟ್ಟಿಗೆ ಸಹಿ ಹಾಕಬೇಕು. ಅಪಘಾತದ ದಿನ, ಹೊತ್ತು, ಶಿಫ್ಟ್, ಆಸ್ಪತ್ರೆಯ ಚೀಟಿ ಇವನ್ನು ಅಂದೇ ಬರೆದು, ಫೋಟೋ ತೆಗೆದಿಡಬೇಕು. ಆಸ್ಪತ್ರೆಯಲ್ಲಿ ಮೊದಲು ಬರೆಸುವಾಗಲೇ ಕೆಲಸದಲ್ಲಿ ಆದ ಗಾಯ ಎಂದು ಹೇಳಬೇಕು. ದೂರಿನ ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳಬೇಕು. ಯಾರಿಗಾದರೂ ಕೆಲಸ ಹೋದರೆ ಹೊಸದು ಸಿಗುವ ತನಕ ಆ ಮನೆಯ ಅಕ್ಕಿ, ಬಾಡಿಗೆ ನಮ್ಮೆಲ್ಲರ ಲೆಕ್ಕ. ಹಬ್ಬದ ಪೆಂಡಾಲಿಗೆ ಹಣ ಕೂಡಿಸಲು ಬಲ್ಲ ನಮಗೆ ಇದು ಅಸಾಧ್ಯವೇನಲ್ಲ.

ಮೊದಲ ಕೆಲಸ ಸುಲಭದ್ದು. ಪೇ ಸ್ಲಿಪ್ಪಿನಲ್ಲಿ ಇಎಸ್‌ಐ ಹಣ ಕಡಿತವಾಗಿದ್ದರೂ ಅದು ನಿಜವಾಗಿ ಕಟ್ಟಿದೆಯೇ ಎಂದು ಇಎಸ್‌ಐ ವೆಬ್‌ಸೈಟಿನಲ್ಲಿ ನೋಡಬಹುದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಪೇ ಸ್ಲಿಪ್ ಮತ್ತು ಹತ್ತಂಕಿಯ ಇಎಸ್‌ಐ ನಂಬರ್ ತನ್ನಿ. ಒಟ್ಟಿಗೆ ಕೂತು ನೋಡೋಣ.