ಮರಳುವ ಡಬ್ಬ, ಮರಳದ ಪೆಟ್ಟಿಗೆ

ಮುಂಬಯಿಯ ಡಬ್ಬಾವಾಲಾಗಳನ್ನು ನಾವು ಕೊಂಡಾಡುವುದು ಬಹುಮಟ್ಟಿಗೆ ಅವರ ಸಮಯಪಾಲನೆಗಾಗಿ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಆರಂಭಿಸಿದರೆನ್ನಲಾದ ಈ ವ್ಯವಸ್ಥೆಯ ಇನ್ನೊಂದು ಗುಣ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ: ಮಧ್ಯಾಹ್ನ ಕಚೇರಿ ತಲುಪಿದ ಡಬ್ಬ ಸಂಜೆಯೊಳಗೆ ಹೊರಟ ಮನೆಗೇ ಮರಳುತ್ತದೆ. ಹೋದದ್ದೂ ಬಂದದ್ದೂ ಅದೇ ಲೋಕಲ್ ರೈಲು, ಅದೇ ಸೈಕಲ್ಲು. ಆ ಸಾಗಣೆಯಿಂದ ಬೀದಿಗೆ ಬೀಳುವ ಕಸವೆಂಬುದೇ ಇಲ್ಲ.

ಈಗ ಇದೇ ನಗರದ ಯಾವುದಾದರೊಂದು ಹೌಸಿಂಗ್ ಸೊಸೈಟಿಯ ಗೇಟನ್ನು ನೋಡಿ. ಭಿವಂಡಿಯ ಗೋದಾಮುಗಳಿಂದ ಹೊರಟ ಪಾರ್ಸೆಲ್ಲುಗಳು ಅಲ್ಲಿ ದಿನವಿಡೀ ಇಳಿಯುತ್ತಿರುತ್ತವೆ. ಅಂಗೈಯಗಲದ ವಸ್ತುವಿಗೆ ಮೊಳದುದ್ದದ ಪೆಟ್ಟಿಗೆ, ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬು, ಮೇಲೆ ಸುತ್ತುಸುತ್ತು ಟೇಪು. ರಟ್ಟನ್ನು ಭಂಗಾರದವನು ಕೊಳ್ಳುತ್ತಾನೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಧಾರಾವಿಯ 13ನೇ ಕಾಂಪೌಂಡಿನಲ್ಲಿ ಬೆಲೆಯುಂಟು. ಟೇಪು ಮೆತ್ತಿದ ತೆಳುಹಾಳೆಯನ್ನು ಕೇಳುವವರಿಲ್ಲ. ಅದು ನಾಲೆಗೆ ಸೇರಬೇಕು, ಇಲ್ಲವೇ ಕಾಂಜೂರ್‌ಮಾರ್ಗದ ಗುಡ್ಡಕ್ಕೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಟ್ಟಿಕೊಂಡ ನಾಲೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂತು. ಮೊದಲ ತಪ್ಪಿಗೆ 5,000 ರೂಪಾಯಿ ದಂಡ, ಮೂರನೆಯದಕ್ಕೆ 25,000 ರೂಪಾಯಿಯ ಜೊತೆ ಸೆರೆವಾಸ. ನಿಷೇಧ ಸರಿಯೇ. ಆದರೆ ತಯಾರಿಕೆಯ ಹಂತದಲ್ಲೇ ಸುತ್ತಿದ ಪ್ಲಾಸ್ಟಿಕ್ಕಿಗೆ ಅದರಲ್ಲಿ ವಿನಾಯಿತಿಯಿತ್ತು. ಹಾಗಾಗಿ ತಪಾಸಣೆಯವರ ಕಣ್ಣಿಗೆ ಸುಲಭವಾಗಿ ಬೀಳುವವರು ಮೀನು ಮಾರುವಾಕೆ, ತರಕಾರಿ ಗಾಡಿಯವನು, ಸಾಂಬಾರು ಕಟ್ಟಿಕೊಡುವ ನಮ್ಮ ಹೋಟೆಲಿನವರು.

ದೊಡ್ಡ ಕಂಪನಿಗಳ ಹೊಣೆಯನ್ನು ಕೇಂದ್ರ ಸರಕಾರ 2022ರ ಫೆಬ್ರವರಿಯಲ್ಲಿ ವಿಸ್ತಾರವಾಗಿ ಬರೆದಿಟ್ಟಿತು. ಅಲ್ಲೂ ಒಂದು ಕಿಂಡಿಯಿದೆ. ತಾನು ಹಂಚಿದ ಪ್ಲಾಸ್ಟಿಕ್ಕನ್ನೇ ಕಂಪನಿ ಹಿಂದಕ್ಕೆ ತರಬೇಕೆಂದಿಲ್ಲ. ಬೇರೆಲ್ಲೋ ಸಂಸ್ಕರಿಸಿದ ಅದೇ ವರ್ಗದ ಪ್ಲಾಸ್ಟಿಕ್ಕಿನ ಪ್ರಮಾಣಪತ್ರ ಕೊಂಡರೂ ಲೆಕ್ಕ ಚುಕ್ತಾ ಆಗುತ್ತದೆ. ಮರುಬಳಕೆಯ ಗುರಿಯಿರುವುದು ಗಟ್ಟಿ ಪ್ಲಾಸ್ಟಿಕ್ಕಿಗೆ ಮಾತ್ರ. ನಮ್ಮ ನಾಲೆ ಕಟ್ಟುವ ತೆಳುಚೀಲ ಅದರ ಹೊರಗೆ.

ಪ್ಲಾಸ್ಟಿಕ್ಕಿನ ಬದಲು ಕಾಗದ ಬಳಸುತ್ತಿದ್ದೇವೆಂದು ಕೆಲವು ಕಂಪನಿಗಳು ಹೇಳಿಕೊಳ್ಳುತ್ತವೆ. ಒಳ್ಳೆಯದೇ, ಆದರೆ ಒಮ್ಮೆ ಹರಿದು ಎಸೆಯುವುದಾದರೆ ಕಾಗದವೂ ಮರ, ನೀರುಗಳ ವ್ಯಯವೇ. ನಾನು ಕೇಳುವುದು ಬೇರೆ. ಅಳತೆಗೆ ಹೊಂದದ ಅಂಗಿಯನ್ನು ಮರಳಿ ಒಯ್ಯಲು ಅವರದೇ ಹುಡುಗ ಏಳನೆಯ ಮಹಡಿಗೆ ಬರುತ್ತಾನಲ್ಲವೇ? ಮರಳುವ ದಾರಿ ಆಗಲೇ ಇದೆ. ಗಟ್ಟಿಬಟ್ಟೆಯ ಚೀಲವನ್ನೋ ಮಡಚುವ ಪೆಟ್ಟಿಗೆಯನ್ನೋ ಠೇವಣಿಯ ಮೇಲೆ ಕೊಟ್ಟು, ಮುಂದಿನ ಪಾರ್ಸೆಲ್ ತರುವಾಗ ಹಿಂಪಡೆಯಬಹುದು. ಡಬ್ಬದ ವಿಳಾಸ ದಿನವೂ ಒಂದೇ, ಪಾರ್ಸೆಲ್ಲಿನದು ಹಾಗಲ್ಲವೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ನೂರಿನ್ನೂರು ಮನೆಗಳ ಕಟ್ಟಡದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಅಲ್ಲಿಗೆ ಅವರ ಗಾಡಿ ಬಾರದ ದಿನವಿಲ್ಲ.

ಒಂದು ಷರತ್ತು ಮಾತ್ರ ಬೇಕು. ಪಾರ್ಸೆಲ್ಲಿನ ಲೆಕ್ಕದಲ್ಲಿ ದುಡಿಯುವ ಹುಡುಗರ ಬೆನ್ನಿಗೆ ಈ ಖಾಲಿ ಚೀಲಗಳನ್ನು ಪುಕ್ಕಟೆಯಾಗಿ ಹೇರಕೂಡದು. ಡಬ್ಬಾವಾಲಾನಿಗೆ ನಾವು ತಿಂಗಳಿಗೆ ಕೊಡುವ ಹಣದಲ್ಲಿ ಖಾಲಿ ಡಬ್ಬ ಹೊತ್ತು ತರುವ ಕೂಲಿಯೂ ಸೇರಿದೆ.