ಮೇಲ್ಮನವಿಗೆ ತಾರೀಖು ಯಾವಾಗ?

ಕೋಠಿಗೆ ಬರುವವರಲ್ಲಿ ಬಹುಮಂದಿ ಹಳೆಯ ಪುಸ್ತಕಕ್ಕೋ, ಸುಲ್ತಾನ್ ಬಜಾರಿನ ಬಟ್ಟೆಗೋ, ಸರಕಾರಿ ಇ.ಎನ್.ಟಿ. ಆಸ್ಪತ್ರೆಗೋ ಬರುತ್ತಾರೆ. ಇವರ ನಡುವೆ ಕಾಗದಪತ್ರದ ಚೀಲವನ್ನು ಎದೆಗವಚಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಅಂಗವಿಕಲರೂ ಅವರ ತಾಯಿತಂದೆಯರೂ ಇದ್ದಾರೆ. ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಹೊಟ್ಟೆಪಾಡಿಗೆ ಬಂದು ನೆಲೆನಿಂತ ನಮ್ಮವರೂ ಅವರಲ್ಲಿ ಸೇರಿದ್ದಾರೆ. ಅವರು ಕೇಳುವುದು ಒಂದೇ: ವಿಚಾರಣೆಯ ತಾರೀಖು.

ವಿಷಯ ಇಷ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೂರಕ್ಕೆ 40ರ ಗೆರೆ ಎಳೆದಿದೆ. ಪ್ರಮಾಣಪತ್ರದಲ್ಲಿ 40 ಎಂದಿದ್ದರೆ ಸವಲತ್ತಿನ ಬಾಗಿಲು ತೆರೆಯುತ್ತದೆ. 38 ಎಂದಿದ್ದರೆ ಮುಚ್ಚುತ್ತದೆ. ತೆಲಂಗಾಣದಲ್ಲಿ 2014ರಲ್ಲಿ ತಿಂಗಳಿಗೆ 1,500 ರೂಪಾಯಿಯಿಂದ ಆರಂಭವಾದ ಅಂಗವಿಕಲರ ಆಸರಾ ಪಿಂಚಣಿ 2023ರಲ್ಲಿ 4,016ಕ್ಕೇರಿತು. ಬಡವರ ಮನೆಯಲ್ಲಿ ಅದು ಬಾಡಿಗೆಯ ಹಣ, ಔಷಧದ ಹಣ.

ಪ್ರಮಾಣಪತ್ರ ತಪ್ಪೆನಿಸಿದರೆ 59ನೆಯ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ಕಲಮನ್ನು ಓದಿ ನೋಡಿ. ಮನವಿ ಸಲ್ಲಿಸುವವನಿಗೆ ರಾಜ್ಯ ಸರಕಾರ ಕಾಲಮಿತಿ ಗೊತ್ತುಮಾಡಬೇಕೆಂದು ಅದು ಹೇಳುತ್ತದೆ. ತೀರ್ಮಾನ ಕೊಡುವವರಿಗೆ ಎಷ್ಟು ದಿನ ಎಂಬ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಇದೆಂಥ ನ್ಯಾಯ? ಕುಂಟುವವನಿಗೆ ಓಡು ಎನ್ನುವ ಕಾನೂನು, ಕುರ್ಚಿಯ ಮೇಲಿನವರಿಗೆ ನಿಧಾನವಾಗಿ ಏಳಿ ಎನ್ನುತ್ತದೆ! ಮೊದಲ ಪ್ರಮಾಣಪತ್ರ ಕೊಡಲು 2017ರ ನಿಯಮಗಳಲ್ಲಿ ಒಂದು ತಿಂಗಳ ಗಡುವಿತ್ತು; 2024ರ ತಿದ್ದುಪಡಿ ಅದನ್ನೂ ಮೂರು ತಿಂಗಳಿಗೆ ಹಿಗ್ಗಿಸಿತು.

ಸುಳ್ಳು ಪ್ರಮಾಣಪತ್ರಗಳ ಹಾವಳಿ ಇರುವುದರಿಂದ ಕೂಲಂಕಷ ಪರಿಶೀಲನೆ ಬೇಕು ಎಂಬ ವಾದವಿದೆ. ಧಾರಾಳವಾಗಿ ಪರಿಶೀಲಿಸಲಿ, ಆದರೆ ದಿನ ಗೊತ್ತುಮಾಡಿ ಪರಿಶೀಲಿಸಲಿ. ಮೋಸಗಾರನಿಗೆ ಅಡ್ಡದಾರಿ ಗೊತ್ತು. ಕಾಯುತ್ತ ಕೂಡುವವನು ಪ್ರಾಮಾಣಿಕನೇ.

ವಲಸೆ ಬಂದವರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಪ್ರಮಾಣಪತ್ರ ದೇಶಕ್ಕೆಲ್ಲ ಸಲ್ಲುತ್ತದೆಂದು 58ನೆಯ ಕಲಮು ಸಾರುತ್ತದೆ. ಪಿಂಚಣಿಯನ್ನು ಮಾತ್ರ ಆಯಾ ರಾಜ್ಯ ತನ್ನ ನಿವಾಸಿಗಳಿಗೆ ಕೊಡುತ್ತದೆ. ರೇಶನ್ ಕಾರ್ಡು ಊರಲ್ಲಿ, ದುಡಿಮೆ ಇಲ್ಲಿ ಎಂಬ ಕುಟುಂಬಕ್ಕೆ ಎರಡೂ ಕಡೆ ಸಿಗುವ ಉತ್ತರ ಒಂದೇ: ‘ನೀವು ಅಲ್ಲಿಯವರು.’

ಗಡುವು ವಿಧಿಸುವುದು ಅಸಾಧ್ಯವೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಕೇಳಿದ ಮಾಹಿತಿಯನ್ನು 30 ದಿನದೊಳಗೆ ಕೊಡಬೇಕು. ತಕ್ಕ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ. ಕಾಗದಕ್ಕಿರುವ ಬೆಲೆ ಮನುಷ್ಯನಿಗೆ ಬೇಡವೇ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಮೇಲ್ಮನವಿ ಪಡೆದ ದಿನವೇ ರಶೀದಿಯಲ್ಲಿ ವಿಚಾರಣೆಯ ತಾರೀಖು ಬರೆದುಕೊಡಬೇಕು. 60 ದಿನದೊಳಗೆ ತೀರ್ಮಾನವಾಗಬೇಕು. ಹಾಸಿಗೆ ಹಿಡಿದವರ ಮನೆಗೇ ವೈದ್ಯರು ಬರಬೇಕು. ರಾಜ್ಯದ ಅಂಗವಿಕಲರ ಆಯುಕ್ತರಿಗೆ ಈ ಬಗ್ಗೆ ಮನವಿ ಕಳಿಸೋಣ.

ಸಂಘದ ಮಹನೀಯರಲ್ಲೂ ಒಂದು ಬಿನ್ನಹ. ರಾಜ್ಯೋತ್ಸವಕ್ಕೆ ಚಪ್ಪರ ಹಾಕುವ ಉತ್ಸಾಹದಲ್ಲಿ ಒಂದು ಪಾಲು ಇದಕ್ಕೂ ಸಲ್ಲಲಿ. ಭಾನುವಾರಕ್ಕೊಮ್ಮೆ ಒಂದು ಮೇಜು, ತೆಲುಗು ಬರೆಯಬಲ್ಲ ಇಬ್ಬರು ಯುವಕರು, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಇಷ್ಟಾದರೆ ಕೆಲಸ ಬರುವ ಭಾನುವಾರವೇ ಶುರುವಾದೀತು.